ಜೋಡಿಯಿಲ್ಲದ ಓಟ

ನಿನಗೆ ನೀನೇ ಸ್ಪರ್ಧಿ, ನಿನ್ನೆಯ ನಿನ್ನನ್ನು ಇವತ್ತು ಸೋಲಿಸು. ಮುಂಬೈ, ಪುಣೆ, ಹೈದರಾಬಾದುಗಳ ಭಾನುವಾರದ ಓಟಗಳಲ್ಲಿ, ಸೈಕಲ್ ಬಳಗಗಳಲ್ಲಿ ಈ ಅರ್ಥದ ಮಾತು ಮಂತ್ರದಂತೆ ಕಿವಿಗೆ ಬೀಳುತ್ತಿರುತ್ತದೆ. ಪಕ್ಕದವನನ್ನು ಹಿಂದೆ ಹಾಕಬೇಕೆಂದು ಬಾಯಿಬಿಟ್ಟು ಹೇಳಿದವನು ಅಲ್ಲಿ ಒರಟನಾಗುತ್ತಾನೆ. ಮಾತು ವಿನಯದ್ದೇ, ಆದರೆ ಸುಳ್ಳು. ಅದನ್ನು ಬಯಲಿಗೆಳೆಯಲು ಸೈಕ್ಲೋಕ್ರಾಸ್‌ಗಿಂತ ಒಳ್ಳೆಯ ಆಟ ಸಿಗಲಾರದು.

ನಮ್ಮಲ್ಲಿ ಈ ಆಟ ಅಷ್ಟಾಗಿ ಪರಿಚಿತವಲ್ಲ. ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಗೆ ಇದು ಚಳಿಗಾಲದ ಹುಚ್ಚು. ಬ್ರಿಟನ್, ಅಮೆರಿಕಗಳಲ್ಲೂ ಹವ್ಯಾಸಿಗಳು ವಾರಾಂತ್ಯಕ್ಕೆ ಕಾದಿರುತ್ತಾರೆ. ಸುಮಾರು ಮೂರು ಕಿಲೋಮೀಟರಿನ ಸುತ್ತುದಾರಿಯಲ್ಲಿ ಹುಲ್ಲು, ಮರಳು, ಕೆಸರು, ದಿಬ್ಬ ಎಲ್ಲವೂ ಇರುತ್ತವೆ. ನಡುನಡುವೆ 40 ಸೆಂಟಿಮೀಟರ್ ಎತ್ತರದ ಹಲಗೆಯ ಅಡ್ಡಗಟ್ಟುಗಳು. ಸವಾರ ಅಲ್ಲಿ ಇಳಿದು, ಸೈಕಲ್ ಎತ್ತಿಕೊಂಡು ದಾಟಿ, ಓಡುತ್ತಲೇ ಮತ್ತೆ ಏರಬೇಕು. ದಿಬ್ಬ ಕಡಿದಾಗಿದ್ದರೆ ಹೆಗಲ ಮೇಲೆ ಹೊತ್ತು ಓಡಬೇಕು. ಹವ್ಯಾಸಿಗಳ ಓಟ ಸಾಮಾನ್ಯವಾಗಿ ಮುಕ್ಕಾಲು ಗಂಟೆಯ ಆಸುಪಾಸು. ಎಷ್ಟು ಸುತ್ತು ಎಂಬುದು ಮೊದಲೇ ಗೊತ್ತಿರುವುದಿಲ್ಲ. ಮುಂದಿರುವವರ ಆರಂಭದ ಸುತ್ತುಗಳ ವೇಗ ನೋಡಿ ತೀರ್ಪುಗಾರರು ಲೆಕ್ಕ ಹಾಕುತ್ತಾರೆ.

ಹಾಗಾಗಿ ದೂರವೂ ನಿಶ್ಚಿತವಲ್ಲ, ನೆಲವೂ ನಿಶ್ಚಿತವಲ್ಲ. ಮೊದಲ ಸುತ್ತಿನಲ್ಲಿ ಹುಲ್ಲಾಗಿದ್ದ ತಿರುವು ನಾಲ್ಕನೆಯ ಸುತ್ತಿಗೆ ಉತ್ತ ಗದ್ದೆಯಾಗಿರುತ್ತದೆ. ಕಳೆದ ವಾರದ ಸಮಯಕ್ಕೂ ಈ ವಾರದ್ದಕ್ಕೂ ಸಂಬಂಧವೇ ಇಲ್ಲ. ಕೈಗಡಿಯಾರ ಇಲ್ಲಿ ದಂಡ. ನಿನ್ನೆಯ ನಿನ್ನನ್ನು ಸೋಲಿಸು ಎಂದರೆ ಯಾವ ಕೆಸರಿನಲ್ಲಿ ಸೋಲಿಸುವುದು? ಉಳಿಯುವ ಅಳತೆಗೋಲು ಒಂದೇ: ಅದೇ ಹೊತ್ತಿಗೆ ಅದೇ ಕೆಸರಿನಲ್ಲಿ ಒದ್ದಾಡುತ್ತಿರುವ ಇನ್ನೊಬ್ಬ.

ಆ ಇನ್ನೊಬ್ಬ ಗೆಲ್ಲುವವನಲ್ಲ. ಗೆಲ್ಲುವವನು ಯಾವತ್ತೋ ಕಣ್ಮರೆಯಾಗಿರುತ್ತಾನೆ. ಮೂವತ್ತೇಳನೆಯ ಸ್ಥಾನದಲ್ಲಿರುವವನಿಗೆ ಬೇಕಾದವನು ಮೂವತ್ತೆಂಟನೆಯವನು. ಮರಳಿನಲ್ಲಿ ಇವನು ಚುರುಕು, ಅಡ್ಡಗಟ್ಟಿನಲ್ಲಿ ಅವನು. ಹೋದ ವಾರ ಅವನು ಮುಂದೆ, ಈ ವಾರ ಇವನು. ಒಬ್ಬ ಬರದಿದ್ದರೆ ಇನ್ನೊಬ್ಬನಿಗೆ ಗೆದ್ದ ಖುಷಿಯಿಲ್ಲ, ಭಾನುವಾರವೇ ಸಪ್ಪೆ. ಓಟ ಮುಗಿದ ಮೇಲೆ ಇಬ್ಬರೂ ಒಂದೇ ನಲ್ಲಿಯ ಕೆಳಗೆ ಸೈಕಲ್ ತೊಳೆಯುತ್ತಾ ಯಾವ ತಿರುವಿನಲ್ಲಿ ಯಾರು ಜಾರಿದರೆಂದು ವಾದಿಸುತ್ತಾರೆ.

ಕನ್ನಡದವರಿಗೆ ಇದು ಹೊಸದಾಗಿ ಕಾಣಬೇಕಿಲ್ಲ. ಮೈಸೂರು ದಸರಾ ಕುಸ್ತಿಗೆ ಮೊದಲು ಪೈಲ್ವಾನರ ಮೈಕಟ್ಟು, ಅನುಭವ ನೋಡಿ ಜೋಡಿ ಕಟ್ಟುತ್ತಾರೆ. ಎದುರಾಳಿಗೆ ಜೋಡಿ ಎಂದು ಹೆಸರಿಟ್ಟ ಭಾಷೆ ನಮ್ಮದು. ಸರಿಸಮನಾದ ಜೋಡಿ ಸಿಗದ ಪೈಲ್ವಾನನನ್ನು ಅದೃಷ್ಟವಂತನೆಂದು ಯಾವ ಗರಡಿಮನೆಯೂ ಕರೆದದ್ದಿಲ್ಲ.

ಪೈಪೋಟಿಯೆಂದರೆ ಮುಖ ತಿರುಗಿಸುವವರಿಗೂ ಕಾರಣವಿದೆ. ಶಾಲೆಯ ರ‍್ಯಾಂಕು, ಕಚೇರಿಯ ವಾರ್ಷಿಕ ಮೌಲ್ಯಮಾಪನ ಇವುಗಳಲ್ಲಿ ನುಜ್ಜುಗುಜ್ಜಾದವರು ಬೆಳಗಿನ ಸೈಕಲ್ಲಿನಲ್ಲಾದರೂ ಅದು ಬೇಡವೆನ್ನುತ್ತಾರೆ. ನ್ಯಾಯವೇ. ಆದರೆ ರ‍್ಯಾಂಕಿನ ಸ್ಪರ್ಧೆ ಮುಖವಿಲ್ಲದ ಗುಂಪಿನ ಜೊತೆ ನಡೆಯುವಂಥದ್ದು. ಕೆಸರಿನ ಸ್ಪರ್ಧಿಗೆ ಮುಖವಿದೆ, ಹೆಸರಿದೆ, ಮಂಡಿನೋವೂ ಇದೆ. ಮೇಲಾಗಿ ರ‍್ಯಾಂಕಿನಿಂದ ತಪ್ಪಿಸಿಕೊಂಡು ಬಂದವರು ಸೇರಿಕೊಂಡದ್ದಾದರೂ ಎಲ್ಲಿಗೆ? ಹೃದಯಬಡಿತ, ಸರಾಸರಿ ವೇಗ, ವಾರದ ಒಟ್ಟು ಕಿಲೋಮೀಟರ್. ಅದೂ ಮೌಲ್ಯಮಾಪನವೇ, ಸಾಹೇಬನೂ ನೌಕರನೂ ಒಬ್ಬನೇ ಆಗಿರುವುದಷ್ಟೇ ವ್ಯತ್ಯಾಸ.

ಇನ್ನು ವಯಸ್ಸು. ಐವತ್ತು ದಾಟಿದವನಿಗೆ ನಿನ್ನೆಯ ತಾನು ಯಾವಾಗಲೂ ತನಗಿಂತ ಕಿರಿಯ. ಆ ಪಂದ್ಯದಲ್ಲಿ ಸೋಲು ಕಟ್ಟಿಟ್ಟ ಬುತ್ತಿ. ಜೋಡಿಗೆ ಮಾತ್ರ ತನ್ನ ಜೊತೆಗೇ ವಯಸ್ಸಾಗುತ್ತದೆ. ಸೈಕ್ಲೋಕ್ರಾಸ್‌ನಲ್ಲಿ ವಯಸ್ಸಿನ ಪ್ರಕಾರ ವಿಭಾಗಗಳಿರುವುದರಿಂದ ಇಬ್ಬರೂ ನಿಧಾನವಾಗುತ್ತಾ ಅಷ್ಟೇ ಬಿರುಸಿನಿಂದ ಗುದ್ದಾಡಬಹುದು.

ಪೈಪೋಟಿ ಕೆಡುವುದಿಲ್ಲವೆಂದಲ್ಲ. ಮೇಲಿನ ದರ್ಜೆಗೆ ಹೋಗಬೇಕಾದವನು ಪದಕದ ಆಸೆಗೆ ಕೆಳದರ್ಜೆಯಲ್ಲೇ ಉಳಿದು ಹೊಸಬರನ್ನು ಬಡಿಯುವುದುಂಟು. 2016ರಲ್ಲಿ ಬೆಲ್ಜಿಯಂನ ಝೋಲ್ಡರ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ಸೈಕಲ್ಲಿನೊಳಗೆ ಅಡಗಿಸಿಟ್ಟ ಮೋಟರೇ ಸಿಕ್ಕಿತು. ಸವಾರಳಿಗೆ ಆರು ವರ್ಷ ನಿಷೇಧ. ಆದರೆ ಇಬ್ಬರೂ ಮಾಡಿದ್ದೇನು? ಸಮಬಲದ ಜೋಡಿಯಿಂದ ತಪ್ಪಿಸಿಕೊಂಡದ್ದು. ಅದೇ ಆಟದಲ್ಲಿ ಮಾತ್ಯೂ ವಾನ್ ಡೆರ್ ಪೂಲ್, ವೌಟ್ ವಾನ್ ಆರ್ಟ್ ಕಿರಿಯರ ವಿಭಾಗದಿಂದಲೂ ಎದುರುಬದುರು. 2015ರಿಂದ 2021ರವರೆಗಿನ ಏಳೂ ಪುರುಷರ ವಿಶ್ವಪಟ್ಟಗಳನ್ನು ಅವರಿಬ್ಬರೇ ಹಂಚಿಕೊಂಡರು.

ಅಂತರರಾಷ್ಟ್ರೀಯ ಓಟಗಳಲ್ಲಿ ಒಂದು ನಿಯಮವಿದೆ. ಮುಂದಿರುವವನ ಮೊದಲ ಸುತ್ತಿನ ಸಮಯದ ಶೇ. 80ರಷ್ಟು ಹಿಂದೆ ಬಿದ್ದವರನ್ನು ಹೊರಗೆ ಕಳಿಸುತ್ತಾರೆ. ದಾರಿ ತೆರವಾಗಲಿ ಎಂಬುದು ಉದ್ದೇಶ. ವೃತ್ತಿಪರರಿಗೆ ಅದು ಸರಿ. ಹವ್ಯಾಸಿಗಳ ಓಟಕ್ಕೆ ಅದನ್ನು ತರಬೇಕೆನ್ನುವ ಸಂಘಟಕರು ಒಮ್ಮೆ ಹಿಂದಿನ ಸಾಲಿಗೆ ಹೋಗಿ ನಿಲ್ಲಲಿ. ಅಲ್ಲಿ ಒಬ್ಬನನ್ನು ಹೊರಗೆ ಕರೆದರೆ ಅವನ ಬೆನ್ನಿಗೇ ಏದುಸಿರು ಬಿಡುತ್ತಾ ಬರುತ್ತಿರುವ ಇನ್ನೊಬ್ಬ, ಕೊನೆಯ ತಿರುವಿಗೆಂದು ಕಾದಿಟ್ಟುಕೊಂಡ ಉಸಿರನ್ನು ಏನು ಮಾಡಬೇಕು?