ಗೌರಿಯ ಗೋತ್ರ

ಕಳೆದ ಮಾಘಮಾಸದ ಒಂದು ನಸುಕಿನಲ್ಲಿ ಗುಬ್ಬಿ ತಾಲ್ಲೂಕಿನ ನಮ್ಮ ಸೋದರಮಾವನವರಿಂದ ಫೋನು ಬಂದಿತು. ಆ ಹೊತ್ತಿನಲ್ಲಿ ಹಳ್ಳಿಯಿಂದ ಫೋನು ಬಂದರೆ ಸಂಸಾರಸ್ಥನ ಎದೆ ಒಮ್ಮೆ ಧಸಕ್ಕೆನ್ನುವುದು ಸಹಜವಷ್ಟೆ. "ಗೌರಿ ಈ ಸಲವೂ ಕಂದು ಹಾಕಿಬಿಡ್ತಪ್ಪ" ಎಂದರು ಮಾವ. ಬೇರೇನೂ ಹೇಳಲಿಲ್ಲ.

ಗೌರಿ ಅವರ ಮನೆಯ ಹಸು. ಕಪ್ಪು ಬಿಳುಪು ಮಚ್ಚೆಗಳ ಸೀಮೆಹಸು. ಹೋದ ವರ್ಷ ಐದನೆಯ ತಿಂಗಳಲ್ಲಿ ಒಮ್ಮೆ ಗರ್ಭ ಇಳಿದಿತ್ತು. ಈಗ ಮತ್ತೆ ಅದೇ ಐದನೆಯ ತಿಂಗಳು. ಪೇಟೆಯಲ್ಲಿ ಪೊಟ್ಟಣದ ಹಾಲು ಕೊಳ್ಳುವ ನಮಗೆ ಇದು ಸಣ್ಣ ಸಂಗತಿಯಾಗಿ ಕಂಡೀತು. ಆದರೆ ಆ ಮನೆಯಲ್ಲಿ ಡೇರಿಗೆ ಹಾಲು ಹಾಕಿ ಬರುವ ಬಟವಾಡೆಯಿಂದಲೇ ದೊಡ್ಡ ಮೊಮ್ಮಗನ ಕಾಲೇಜಿನ ಫೀಜು, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ, ಎರಡೂ ನಡೆಯಬೇಕು. ಕರು ಹಾಕದ ಹಸುವಿನಿಂದ ಹಾಲಿಲ್ಲ. ಹುಲ್ಲು, ಹಿಂಡಿಗಳ ಖರ್ಚು ಮಾತ್ರ ನಿಲ್ಲುವುದಿಲ್ಲ. "ಇನ್ನು ಸಂತೆಗೆ ಹೊಡೆಯೋದೇ ಸರಿ" ಎಂಬ ಮಾತನ್ನು ಮಾವ ಆಡಿದ್ದರು. ಅತ್ತೆ ಅಂದಿನಿಂದ ಅವರೊಡನೆ ಮಾತು ಬಿಟ್ಟಿದ್ದರು.

ಭಾನುವಾರ ನಾನು ತುಮಕೂರಿನಿಂದ ಬಸ್ಸು ಹಿಡಿದು ಹೋದೆ. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವನು ಕಂದು ಹಾಕಿದ ಹಸುವಿಗೆ ಮಾಡುವುದೇನು? ಏನೂ ಇಲ್ಲ. ಆದರೂ ಹೋಗಬೇಕೆನಿಸಿತು. ನಾನು ತಲುಪುವ ಹೊತ್ತಿಗೆ ಪಶುವೈದ್ಯರು ರಕ್ತ ತೆಗೆದುಕೊಂಡು ಕೈ ತೊಳೆಯುತ್ತಿದ್ದರು. ಕಂದುರೋಗವೆಂಬುದೊಂದಿದೆ, ಅದು ದನದಿಂದ ಮನುಷ್ಯರಿಗೂ ಅಂಟುತ್ತದೆ. ಆದ್ದರಿಂದ ಬಿದ್ದ ಕಂದನ್ನು, ಮಾಸನ್ನು ಬರಿಗೈಯಿಂದ ಮುಟ್ಟಲಾಗದು, ಹಾಲನ್ನು ಕಾಯಿಸದೆ ಕುಡಿಯಲಾಗದು ಎಂದು ಮನೆಮಂದಿಗೆಲ್ಲ ಗಟ್ಟಿಯಾಗಿ ಹೇಳುತ್ತಿದ್ದರು. ಬಳಿಕ, "ಯಜಮಾನರೇ, ಇದರ ಅಪ್ಪ ಯಾವ ಹೋರಿ? ಈಗ ಕೊಡಿಸಿದ್ದು ಯಾವ ಹೋರೀದು?" ಎಂದು ಕೇಳಿದರು.

ಮಾವ ನನ್ನ ಮುಖ ನೋಡಿದರು. "ಸೀಮೆ ಹೋರೀದು ಡಾಕ್ಟರೇ."

ಸೀಮೆಯೆಂದರೆ ಯಾವ ಸೀಮೆ? ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು: ಸಮುದ್ರದಾಚೆಯಿಂದ ಬಂದದ್ದಕ್ಕೆಲ್ಲ ನಾವು ಹಚ್ಚಿದ ಹೆಸರು ಒಂದೇ. ಬಂದದ್ದು ಇಂಗ್ಲೆಂಡೋ ಹಾಲೆಂಡೋ ಅಮೆರಿಕವೋ ಎಂದು ವಿಚಾರಿಸುವ ಗೋಜಿಗೆ ಹೋದವರಿಲ್ಲ. ಇನ್ನೊಂದು ವಿನೋದ ನೋಡಿ. ಗೋತ್ರವೆಂಬ ಶಬ್ದಕ್ಕೆ ವೇದಕಾಲದಲ್ಲಿ ದನದ ದೊಡ್ಡಿಯೆಂಬ ಅರ್ಥವೇ ಇತ್ತು. ಮನುಷ್ಯ ಆ ದೊಡ್ಡಿಯಿಂದ ಗೋತ್ರವನ್ನು ತನ್ನ ಮನೆಗೆ ಎತ್ತಿಕೊಂಡು ಬಂದ, ದನವನ್ನು ಅಲ್ಲಿಯೇ ಬಿಟ್ಟ. ನಮ್ಮ ಮಾವನವರು ಬೆಡಗು ಒಂದೇ ಆಯಿತೆಂದು ಮಗಳಿಗೆ ಬಂದ ಒಳ್ಳೆಯ ಸಂಬಂಧವೊಂದನ್ನು ಒಪ್ಪದೆ ಬಿಟ್ಟವರು.

ಆಗ ಅತ್ತೆ ಬಾಗಿಲ ಹಿಂದಿನಿಂದ, "ತಾಯಿ ಕಡೇದು ನಾನು ಹೇಳ್ತೀನಿ" ಎಂದರು. ಗೌರಿಯ ತಾಯಿ ತುಂಗೆ, ತುಂಗೆಯ ತಾಯಿ ಲಕ್ಷ್ಮಿ, ಅವಳ ತಾಯಿ ಕೆಂಪಿ, ಕೆಂಪಿಯ ತಾಯಿ ಚೆನ್ನಿ. ಚೆನ್ನಿಯ ತಾಯಿಯೇ ಅತ್ತೆಯ ಮದುವೆಯಲ್ಲಿ ಕುಣಿಗಲ್ ಕಡೆಯ ತವರಿನಿಂದ ಬಳುವಳಿಯಾಗಿ ಬಂದ ಬೂದುಬಿಳುಪಿನ ಹಳ್ಳಿಕಾರ್ ಹಸು. ಯಾವುದು ಎಷ್ಟು ಸೂಲು ಈಯಿತು, ಯಾವುದು ಒದೆಯುತ್ತಿತ್ತು, ಯಾವುದರ ಕೊಂಬು ಎತ್ತ ತಿರುಗಿತ್ತು, ಎಲ್ಲವೂ ಆಕೆಗೆ ಬಾಯಿಪಾಠ. ಬೆಣ್ಣೆಚಾವಡಿಯ ಕಾಲದಿಂದ, ಎಂದರೆ ಚಿಕ್ಕದೇವರಾಜ ಒಡೆಯರ ಕಾಲದಿಂದ, ಮೈಸೂರು ಸಂಸ್ಥಾನ ಸಾಕಿದ ಹಿಂಡುಗಳೇ ಮುಂದೆ ಟಿಪ್ಪುವಿನ ಬಾಯಲ್ಲಿ ಅಮೃತಮಹಲ್ ಎನಿಸಿದವೆಂದು ನಾವು ಓದಿದ್ದೇವೆ. ಆ ಹಿಂಡುಗಳಿಗೆ ಮೂಲವಾದದ್ದು ಈ ಹಳ್ಳಿಕಾರ್ ಬಳಗವೇ. ದುಡಿಮೆಗೆ ಗಟ್ಟಿ, ಹಾಲಿಗೆ ಅಷ್ಟಕ್ಕಷ್ಟೆ. ಆ ಹಾಲು ಸಾಲದೆಂದೇ ಚೆನ್ನಿಯ ಕಾಲದಿಂದ ಸೀಮೆ ಹೋರಿ ಮನೆಗೆ ಬಂದದ್ದು. ಹೀಗೆ ತಾಯಿಯ ಸಾಲು ಸಿಕ್ಕಿತು. ತಂದೆಯ ಸಾಲಿನಲ್ಲಿ ಒಂದು ಹೆಸರೂ ಇಲ್ಲ.

ಅದು ಸಿಕ್ಕಿದ್ದು ಮೊಮ್ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ! ಈಗಿನ ಹಸುಗಳಿಗೆ ಹೋರಿಯ ಮುಖದರ್ಶನವಿಲ್ಲ. ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ದ್ರವಸಾರಜನಕದಲ್ಲಿ ಅದ್ದಿಟ್ಟ ವೀರ್ಯವನ್ನು ಪೊರಕೆಕಡ್ಡಿಯಷ್ಟು ಸಣ್ಣ ನಳಿಕೆಯಲ್ಲಿ ತಂದು, ಬೆದೆಗೆ ಬಂದ ಹಸುವಿಗೆ ಸೇರಿಸುತ್ತಾರೆ. ಬಣ್ಣಬಣ್ಣದ ಆ ಬರಿದಾದ ನಳಿಕೆಗಳನ್ನು ದೊಡ್ಡ ಮೊಮ್ಮಗ ಹುಡುಗನಾಗಿದ್ದಾಗ ಆಯ್ದು ಕೂಡಿಸಿದ್ದನಂತೆ. ಅವನು ಕಾಲೇಜಿಗೆ ಬಂದಮೇಲೆ ಪೆಟ್ಟಿಗೆ ತಮ್ಮನ ಪಾಲಿಗೆ ಬಂದಿತ್ತು. ಮಕ್ಕಳ ಆಟಕ್ಕೆ ತಕ್ಕ ವಸ್ತುವಲ್ಲವೆಂದು ವೈದ್ಯರು ಗದರಿದರೂ, ಗದರುತ್ತಲೇ ಕನ್ನಡಕ ಏರಿಸಿಕೊಂಡು ಓದತೊಡಗಿದರು. ಒಂದೊಂದು ನಳಿಕೆಯ ಮೇಲೂ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಯಾವುದು ಯಾವಾಗಿನದೆಂದು ತಿಳಿಯಲು ಅತ್ತೆಯ ಹಳೆಯ ಪಂಚಾಂಗಗಳ ಕಟ್ಟು ನೆರವಾಯಿತು. ಬೆದೆಯ ದಿನಗಳನ್ನು ಆಕೆ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತುಮಾಡಿದ್ದರು. ಅಚ್ಚಿನ ತಾರೀಖನ್ನೂ ಪೆನ್ಸಿಲಿನ ಗುರುತನ್ನೂ ಹೊಂದಿಸಿದಾಗ ವೈದ್ಯರು ಸುಮ್ಮನಾದರು. ತುಂಗೆಗೆ ಕೊಡಿಸಿ ಗೌರಿ ಹುಟ್ಟಿದ ಹೋರಿಯ ಸಂಖ್ಯೆಯೂ ಹೋದ ವರ್ಷ ಗೌರಿಗೇ ಕೊಡಿಸಿದ ಹೋರಿಯ ಸಂಖ್ಯೆಯೂ ಒಂದೇ ಆಗಿತ್ತು.

"ಅಂದ್ರೆ?" ಎಂದರು ಮಾವ. ಅರ್ಥವಾದೊಡನೆ ತಲೆಯ ಮೇಲಿನ ವಲ್ಲಿಬಟ್ಟೆ ತೆಗೆದು ಜಗಲಿಯ ಮೇಲೆ ಕುಳಿತುಬಿಟ್ಟರು. ನಳಿಕೆ ತಂದವನು ಸಂಖ್ಯೆ ಕೇಳಿದ್ದನೆಂದೂ, ಚೀಟಿ ಕೊಟ್ಟಿದ್ದನೆಂದೂ, ಆ ಚೀಟಿಯನ್ನು ತಾವೇ ಎಲ್ಲಿಯೋ ಸಿಕ್ಕಿಸಿ ಕಳೆದರೆಂದೂ ಅವರೇ ಒಪ್ಪಿಕೊಂಡರು.

ಈ ಸಲದ ನಳಿಕೆಯ ಸಂಖ್ಯೆ ಬೇರೆಯಿತ್ತು. ಆದರೂ ನನಗೆ ಸಮಾಧಾನವಾಗಲಿಲ್ಲ. ಸಂಖ್ಯೆಗಳನ್ನು ಬರೆದುಕೊಂಡು ಮುಂದಿನ ವಾರ ಕುಣಿಗಲ್ಲಿನಲ್ಲಿರುವ ಗೆಳೆಯರೊಬ್ಬರಲ್ಲಿಗೆ ಹೋದೆ. ಅವರು ಪಶುವೈದ್ಯರಾಗಿ ನಿವೃತ್ತರಾದವರು. ಕುಣಿಗಲ್ ಎಂದೊಡನೆ ಜನಕ್ಕೆ ಕೆರೆ ನೆನಪಾಗುತ್ತದೆ, ಇಲ್ಲವೇ ಕುದುರೆ. ಅಲ್ಲಿನ ಫಾರಮ್ಮಿನಲ್ಲಿ ಹುಟ್ಟಿದ ರೇಸುಕುದುರೆಗಳಿಗೆ ತಂದೆ ತಾಯಿ ಅಜ್ಜ ಮುತ್ತಜ್ಜರ ಹೆಸರುಗಳೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಈ ಬಗೆಯ ಪುಸ್ತಕ ಇಂಗ್ಲೆಂಡಿನಲ್ಲಿ ಮೊದಲು ಅಚ್ಚಾದದ್ದು 1791ರಲ್ಲಿ. ಇಂದಿನ ಜಗತ್ತಿನ ಥರೋಬ್ರೆಡ್ ಕುದುರೆಗಳೆಲ್ಲ ಗಂಡುಸಾಲಿನಲ್ಲಿ ಮೂರೇ ಮೂರು ಕುದುರೆಗಳ ಸಂತಾನ. ಅದನ್ನು ಕಂಡ ಆಂಗ್ಲರು 1822ರಲ್ಲಿ ಷಾರ್ಟ್‌ಹಾರ್ನ್ ದನಗಳಿಗೂ ವಂಶಾವಳಿ ಬರೆದರು. ವೀರ್ಯವನ್ನು ಗ್ಲಿಸರಿನ್ನಿನಲ್ಲಿ ಬೆರೆಸಿ ಹೆಪ್ಪುಗಟ್ಟಿಸಿದರೂ ಕೆಡದೆಂದು 1949ರಲ್ಲಿ ಕಂಡುಹಿಡಿದವರೂ ಇಂಗ್ಲೆಂಡಿನ ಕ್ರಿಸ್ಟಫರ್ ಪೋಲ್ಜ್ ಮತ್ತು ಸಂಗಡಿಗರೇ. ಹಾಗಾದರೆ ಗೌರಿಯ ಕೊಟ್ಟಿಗೆಯಲ್ಲಿ ಆಂಗ್ಲ ಪೂರ್ವಜನೊಬ್ಬ ಇರುವುದು ನಿಜ. ಅವನು ಹೋರಿಯಲ್ಲ, ಲೆಕ್ಕದ ಪುಸ್ತಕ ಹಿಡಿದ ಗುಮಾಸ್ತ!

ಹೋರಿಯ ದಾರಿ ಬೇರೆ. ಗೆಳೆಯರು ಗಣಕಯಂತ್ರದಲ್ಲಿ ಹೋರಿಗಳ ಪಟ್ಟಿಯನ್ನು ತೆರೆದು ನಮ್ಮ ಎರಡು ಸಂಖ್ಯೆಗಳ ಹಿಂದೆ ನಡೆದರು. ಎರಡೂ ನಮ್ಮ ದೇಶದಲ್ಲಿಯೇ ಹುಟ್ಟಿದ ಹೋರಿಗಳು; ಎರಡಕ್ಕೂ ಅಜ್ಜ ಒಂದೇ, ಅಮೆರಿಕದ ಹೋಲ್‌ಸ್ಟೀನ್ ಹೋರಿ. ಎಂದರೆ ಈ ಸಲ ಗೌರಿಗೆ ತಂದದ್ದು ತಂದೆಯಲ್ಲದಿದ್ದರೂ ಆಕೆಯ ತಂದೆಗೆ ಚಿಕ್ಕಪ್ಪ ದೊಡ್ಡಪ್ಪನ ಮಗನಂಥವನೋ, ಅದಕ್ಕಿಂತ ಹತ್ತಿರದವನೋ!

ಈ ಕಪ್ಪು ಬಿಳುಪಿನ ಹಸು ಅಮೆರಿಕಕ್ಕೆ ವಲಸೆ ಹೋದ ಕಥೆಯೂ ಸ್ವಾರಸ್ಯದ್ದು. 1852ರಲ್ಲಿ ಬಾಸ್ಟನ್ ಬಂದರಿಗೆ ಬಂದ ಡಚ್ ಹಡಗೊಂದರಲ್ಲಿ, ನಾವಿಕರಿಗೆ ದಾರಿಯಲ್ಲಿ ಹಾಲಿರಲೆಂದು, ಒಂದು ಹಸುವಿತ್ತು. ಮ್ಯಾಸಚೂಸೆಟ್ಸಿನ ವಿಂತ್ರಾಪ್ ಚೆನರಿ ಎಂಬುವನು ಅದನ್ನು ಕೊಂಡ. ಅದರ ಹಾಲು ಕಂಡು ಬೆರಗಾಗಿ ಮತ್ತೆ ಮತ್ತೆ ಹಾಲೆಂಡಿನಿಂದ ತರಿಸಿದ. 1885ಕ್ಕೆ ಆ ತಳಿಯವರದೇ ಒಂದು ಸಂಘವಾಯಿತು. ವಂಶಾವಳಿ ಬರೆದರು, ಹಾಲು ಅಳೆದರು, ಹೆಚ್ಚು ಹಾಲಿನ ಮನೆತನದ ಹೋರಿಯನ್ನೇ ಆರಿಸಿದರು. ಆರಿಸುತ್ತ ಆರಿಸುತ್ತ ಏನಾಯಿತೆಂದರೆ, ಈಗ ಅಮೆರಿಕದಲ್ಲಿ ಗರ್ಭಧಾರಣೆಗೆ ಬಳಸುವ ಹೋಲ್‌ಸ್ಟೀನ್ ಹೋರಿಗಳು ಹೆಚ್ಚುಕಡಿಮೆ ಎಲ್ಲವೂ 1880ರಲ್ಲಿ ಹುಟ್ಟಿದ ಹುಲ್ಲೆಮನ್, ನೆಪ್ಚೂನ್ ಎಂಬ ಎರಡೇ ಹೋರಿಗಳ ಗಂಡುಸಾಲಿಗೆ ಸೇರುತ್ತವೆ. ಕುದುರೆಗೆ ಮೂವರಾದರೂ ಇದ್ದರು.

ಗೆಳೆಯರು ಇನ್ನೊಂದು ಹೋರಿಯ ಕಥೆ ಹೇಳಿದರು. 1962ರಲ್ಲಿ ಹುಟ್ಟಿದ 'ಚೀಫ್' ಎಂಬುದು ಅದರ ಹೆಸರು. ಅದರ ಹೆಣ್ಣುಮಕ್ಕಳು ಸುಮಾರು 16,000; ಮೊಮ್ಮಕ್ಕಳು 5 ಲಕ್ಷ; ಮರಿಮಕ್ಕಳು 20 ಲಕ್ಷಕ್ಕೂ ಹೆಚ್ಚು. ಹಾಲಿನ ಹೊಳೆಯನ್ನೇ ಹರಿಸಿದ ಆ ಹೋರಿಯ ರಕ್ತದಲ್ಲಿ ಯಾರಿಗೂ ಕಾಣದ ಒಂದು ದೋಷವಿತ್ತು. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದರೆ ಕರುವಿಗೆ ಏನೂ ಆಗದು. ಇಬ್ಬರಿಂದಲೂ ಬಂದರೆ ಗರ್ಭ ನಿಲ್ಲದು. ಮಕ್ಕಳು ಮೊಮ್ಮಕ್ಕಳು ತಮ್ಮತಮ್ಮಲ್ಲಿಯೇ ಕೂಡತೊಡಗಿದಾಗ ಲೋಕದ ನಾನಾ ದೇಶಗಳಲ್ಲಿ 5 ಲಕ್ಷಕ್ಕೂ ಮಿಕ್ಕಿ ಗರ್ಭಗಳು ಬಿದ್ದುಹೋದವೆಂದು ಲೆಕ್ಕ ಹಾಕಿದ್ದಾರೆ. ದೋಷ ಇರುವ ಜಾಗ 2016ರಲ್ಲಿ ಖಚಿತವಾಯಿತು. ಪುಸ್ತಕ ಇದ್ದುದರಿಂದಲೇ ಅದರ ಹಿಂದೆ ಚೀಫ್‌ನವರೆಗೆ ನಡೆದುಹೋಗಲು ಸಾಧ್ಯವಾಯಿತು.

"ಹಾಗಾದರೆ ಗೌರಿಯದೂ ಇದೇ ಕಾರಣವೆ?" ಎಂದು ಕೇಳಿದೆ.

"ಹಾಗೆ ಹೇಳಲಾರೆ" ಎಂದರು ಗೆಳೆಯರು. "ಕಂದು ಬೀಳೋದಕ್ಕೆ ಹತ್ತು ಕಾರಣ. ಆದರೆ ಲೆಕ್ಕ ಕೇಳಿ. ಹೋರಿಯಲ್ಲಿ ಇಂಥ ಒಂದು ದೋಷ ಅಡಗಿದ್ದರೆ, ಮಗಳಿಗೆ ಅದು ಬಂದಿರುವ ಸಾಧ್ಯತೆ ಅರ್ಧ. ಆ ಮಗಳಿಗೆ ಅದೇ ಹೋರಿ ಕೊಡಿಸಿದರೆ ಎಂಟು ಗರ್ಭದಲ್ಲಿ ಒಂದು ಉಳಿಯೋದಿಲ್ಲ. ಹೊರಗಿನ ಹೋರಿಯಾದರೆ ಆ ಭಯ ಬಹಳ ಕಡಿಮೆ. ನಿಮ್ಮ ಬೆಡಗು ಬಳ್ಳಿ ನೋಡೋದೂ ಇದೇ ಲೆಕ್ಕವಲ್ಲವೇ ಮೇಷ್ಟ್ರೇ?" ಅಮೆರಿಕಕ್ಕೆ ನಮ್ಮವೂ ಹೋಗಿವೆಯೆಂದು ಅವರೇ ಹೇಳಿದರು: ಅಲ್ಲಿನ ಬ್ರಾಹ್ಮನ್ ಎಂಬ ಮಾಂಸದ ತಳಿಯನ್ನು ಕಟ್ಟಿದವುಗಳಲ್ಲಿ ಗೀರ್, ಓಂಗೋಲುಗಳ ಜೊತೆಗೆ ನಮ್ಮ ಕೃಷ್ಣಾತೀರದ ದನವೂ ಅಲ್ಪಸ್ವಲ್ಪ ಸೇರಿದೆಯಂತೆ. ಅದಕ್ಕೂ ಅಲ್ಲಿ ಪುಸ್ತಕವಿದೆ!

ರಕ್ತಪರೀಕ್ಷೆಯಲ್ಲಿ ಕಂದುರೋಗವಿಲ್ಲವೆಂದು ತಿಳಿದುಬಂದಿತು. ಅದೇ ವಾರ ಮಾವನ ಮನೆಗೆ ಹೆಳವ ಬಂದಿದ್ದ. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದವರ ವಂಶದವನು. ಈಗ ಬರುವುದು ಮೋಟಾರು ಸೈಕಲ್ಲಿನಲ್ಲಿ, ಗಂಟೆ ಮಾತ್ರ ಚೀಲದಲ್ಲಿ. ಜಗಲಿಯ ಮೇಲೆ ಕುಳಿತು, ಪುಸ್ತಕ ಬಿಚ್ಚಿ, ಮಾವನ ಏಳು ತಲೆಯ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದ. ಯಾರು ಯಾವ ಊರು ಬಿಟ್ಟು ಬಂದರೆಂಬುದನ್ನೂ ಹೇಳಿದ. ಕೊನೆಯ ಮೊಮ್ಮಗನ ಹೆಸರನ್ನು ಬರೆದುಕೊಂಡ. ಅತ್ತೆ ಮೊರದಲ್ಲಿ ರಾಗಿ ತಂದು ಸುರಿಯುತ್ತ, "ನಮ್ಮ ಕೊಟ್ಟಿಗೇದೂ ಒಂದಿಷ್ಟು ಬರ್ಕೊಳಪ್ಪ" ಎಂದರಂತೆ. ಅವನು ನಕ್ಕು, "ಅದಕ್ಕೆ ನೀವೇ ಹೆಳವರಾಗ್ಬೇಕು ತಾಯೀ" ಎಂದನಂತೆ.

ಸಂತೆಯ ಮಾತು ಅಲ್ಲಿಗೆ ನಿಂತಿತು. ಅತ್ತೆ ಈಗ 200 ಪುಟದ ನೋಟುಪುಸ್ತಕವೊಂದನ್ನು ಇಟ್ಟಿದ್ದಾರೆ. ಮೊದಲ ಪುಟದಲ್ಲಿ ಅರಿಸಿನ ಹಚ್ಚಿ ತವರಿನ ಹಳ್ಳಿಕಾರ್ ಹಸುವಿನಿಂದ ಗೌರಿಯವರೆಗೆ ತಾಯಿಯ ಸಾಲು. ಎದುರಿನ ಪುಟದಲ್ಲಿ ತಂದೆಯ ಸಾಲಿಗೆಂದು ಗೆರೆ ಹಾಕಿದ ಜಾಗ. ಚೆನ್ನಿಯಿಂದ ತುಂಗೆಯವರೆಗಿನ ಮನೆಗಳು ಖಾಲಿ, ಗೌರಿಯದಕ್ಕೆ ಮಾತ್ರ ಸಂಖ್ಯೆ ಉಂಟು. ಆಷಾಢದಲ್ಲಿ ಬೆದೆಗೆ ಬಂದಾಗ ಗೆಳೆಯರು ಬರೆದುಕೊಟ್ಟ ಬೇರೆ ವಂಶದ ಜೆರ್ಸಿ ಹೋರಿಯದನ್ನು ಕೇಳಿ ಕೊಡಿಸಿದರು. ಚೀಟಿಯನ್ನು ಅನ್ನದ ಅಂಟಿನಿಂದ ಪುಸ್ತಕಕ್ಕೆ ಅಂಟಿಸಿದ್ದಾರೆ.

ಮೊನ್ನೆ ಮಾವ ಫೋನು ಮಾಡಿದ್ದರು. ಬೆಳಗಿನ ಜಾವವಲ್ಲ, ರಾತ್ರಿ ಊಟವಾದಮೇಲೆ. ಗೌರಿಗೆ ಈಗ ಆರು ತಿಂಗಳು ತುಂಬಿ ಏಳು ನಡೆಯುತ್ತಿದೆಯಂತೆ. ಬೂಸಾದ ಬೆಲೆ, ಮಳೆ ಎಲ್ಲ ಮಾತಾಡಿದ ಮೇಲೆ, "ಆ ಜೆರ್ಸಿ ಹೋರಿಯ ಅವ್ವ ಎಷ್ಟು ಲೀಟರು ಕೊಡ್ತಿದ್ದಳಂತೆ? ನಿಮ್ಮತ್ತೆ ಪುಸ್ತಕಕ್ಕೆ ಬರೀಬೇಕಂತೆ, ಕುಣಿಗಲ್ಲಿನವರನ್ನ ಕೇಳಿ ಹೇಳಪ್ಪ" ಎಂದರು. ನಾಳೆ ಕೇಳಬೇಕು.