ಬೋಧಕರೂ ಕಾಡಿಗೆ ಹೋಗಲಿ

‘ಸ್ಥಳೀಯ ಪರಿಸರದ ಉದಾಹರಣೆ ಇಲ್ಲ’ ಎಂದು ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗೆ ಅಂಕ ಕಳೆಯುವ ನಾನು, ಉಸಿರಾಡುವ ಬೇರನ್ನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲಷ್ಟೇ ತೋರಿಸಿದ್ದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಿ, ರಾಮಪತ್ರೆ ಜಡ್ಡಿಯ ಕೆಸರಿನಿಂದ ಮಡಿಸಿದ ಮಂಡಿಯಂತೆ ಮೇಲೆದ್ದ ಬೇರುಗಳನ್ನು ಕಂಡಾಗ, ‘ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಎಲ್ಲಿಂದ?’ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟಿತು. ನನ್ನ ಪಾಠದ ಪೀಠಿಕೆ ಅದೇ ಆಗಬೇಕಿತ್ತು. ನಾನು ವ್ಯಾಖ್ಯೆಯಿಂದ ಆರಂಭಿಸುತ್ತಿದ್ದೆ.

ಮಳೆಕಾಡಿನ ಅಧ್ಯಯನ ಪ್ರವಾಸವನ್ನು ಕಾಲೇಜುಗಳು ಬೋಧಕರ ವೃತ್ತಿ ತರಬೇತಿಯೆಂದೇ ಪರಿಗಣಿಸಲಿ. ಐದು ಜಾಗ ಸುತ್ತುವುದು ಬೇಡ. ಅರಣ್ಯ ಇಲಾಖೆಯ ಅನುಮತಿ ಪಡೆದು ಎರಡು ದಿನ ಒಂದೇ ಕಾಡನ್ನು ನೋಡೋಣ. ಮರಳಿದ ಮೇಲೆ ವರದಿ ಬರೆಯುವ ಬದಲು ಒಂದು ಪಾಠ ಮಾಡೋಣ. ಪ್ರಶಿಕ್ಷಣಾರ್ಥಿಗಳು ಹಿಂದಿನ ಬೆಂಚಿನಲ್ಲಿ ಕುಳಿತು ನಮಗೂ ಅಂಕ ಹಾಕಲಿ.