ಹಾಯಿ ಸುತ್ತುವ ಹಗ್ಗ

ಫ್ರಾನ್ಸಿನ ಎರಿಕ್ ತಬಾರ್ಲಿ 1964ರಲ್ಲಿ ಒಂಟಿಯಾಗಿ ಅಟ್ಲಾಂಟಿಕ್ ದಾಟುವ ಹಾಯಿದೋಣಿ ಸ್ಪರ್ಧೆಯನ್ನು ಗೆದ್ದ ಪ್ರಖ್ಯಾತ ನಾವಿಕರು. 1998ರ ಜೂನ್ ತಿಂಗಳ ಒಂದು ರಾತ್ರಿ ಐರಿಷ್ ಸಮುದ್ರದಲ್ಲಿ ಹಾಯಿ ಬದಲಿಸುತ್ತಿದ್ದಾಗ ಅದರ ಮೇಲ್ದಂಡ ಬಡಿದು ನೀರಿಗೆ ಬಿದ್ದು ತೀರಿಕೊಂಡರು. ಗಾಳಿ ಜೋರಾದಾಗ ಹಾಯಿಯನ್ನು ಕಿರಿದು ಮಾಡಲೇಬೇಕು. ಆದರೆ ಅದಕ್ಕಾಗಿ ಕುಣಿಯುವ ದೋಣಿಯ ಮೇಲೆ ಓಡಾಡುವುದೇ ಅಪಾಯ. ಅದರಲ್ಲೂ ಮುಂದಿನ ಹಾಯಿಯನ್ನು ಇಳಿಸಲು ಮೂತಿಗೆ ಹೋದವನ ಪಾಡು ಹೇಳತೀರದು. ದೊಡ್ಡ ಅಲೆಗಳಲ್ಲಿ ದೋಣಿಯ ಮೂತಿ ನೀರಿನಲ್ಲಿ ಮುಳುಗಿ ಏಳುತ್ತಿರುತ್ತದೆ.

ಮುಂದಿನ ಹಾಯಿಯ ಮಟ್ಟಿಗೆ ಈ ಓಡಾಟವನ್ನು ಬಹುಪಾಲು ತಪ್ಪಿಸಿರುವುದು ಒಂದು ಹಗ್ಗ ಮತ್ತು ನೀವು ಶಾಲೆಯಲ್ಲಿ ಓದುವ ಒಂದು ಸರಳ ಯಂತ್ರ: ಚಕ್ರ ಮತ್ತು ಅಚ್ಚು.

ಮೂತಿಯಿಂದ ಕೂವೆಕಂಬದ ಮೇಲ್ಭಾಗಕ್ಕೆ ಬಿಗಿದ ಉಕ್ಕಿನ ತಂತಿಹಗ್ಗಕ್ಕೆ ಅಲ್ಯೂಮಿನಿಯಂ ಕೊಳವೆಯೊಂದನ್ನು ತೊಡಿಸಿರುತ್ತಾರೆ. ಹಾಯಿಯ ಮುಂದಿನ ಅಂಚು ಕೊಳವೆಯ ಸೀಳಿನೊಳಗೆ ಸೇರಿಕೊಂಡಿರುತ್ತದೆ. ಕೊಳವೆಯ ಬುಡದಲ್ಲೊಂದು ಡ್ರಮ್, ಅದಕ್ಕೆ ಸುತ್ತಿದ ಹಗ್ಗ. ಇದರ ಹೆಸರು ಫರ್ಲಿಂಗ್ ಲೈನ್. ಇದರ ಇನ್ನೊಂದು ತುದಿ ಸಣ್ಣ ರಾಟೆಗಳ ಮೂಲಕ ಹಿಂಬದಿಯಲ್ಲಿ ನಾವಿಕ ಕುಳಿತಲ್ಲಿಗೇ ಬರುತ್ತದೆ. ಎಳೆದರೆ ಡ್ರಮ್ಮಿನ ಜೊತೆ ಕೊಳವೆಯೂ ತಿರುಗಿ, ಹಾಯಿ ಚಾಪೆಯಂತೆ ಸುರುಳಿಯಾಗುತ್ತದೆ. ಹಾಯಿಯನ್ನು ಬಿಚ್ಚಿದಾಗ ಹಗ್ಗ ಮತ್ತೆ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ.

ಹಾಗಾದರೆ ಹಗ್ಗವನ್ನು ಎಷ್ಟು ಸುತ್ತು ಸುತ್ತಿಡಬೇಕು? ಇದು ಏಳನೆಯ ತರಗತಿಯ ಲೆಕ್ಕ. ಹಾಯಿಯ ಕೆಳ ಅಂಚು 4.5 ಮೀಟರ್, ಸುರುಳಿಯ ಸರಾಸರಿ ವ್ಯಾಸ 8 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸುತ್ತಳತೆ ಸುಮಾರು 25 ಸೆಂಟಿಮೀಟರ್. ಹಾಯಿಗೆ 18 ಸುತ್ತು. ಗಾಳಿಗೆ ಬಿಚ್ಚಿಕೊಳ್ಳದಂತೆ ಹಾಯಿಯ ಮೂಲೆಯ ಹಗ್ಗಗಳೂ ಸುರುಳಿಯ ಮೇಲೆ 3 ಸುತ್ತು ಬರಬೇಕು. ಡ್ರಮ್ಮಿನಲ್ಲಿ ಕೊನೆಗೂ 3 ಸುತ್ತು ಉಳಿಯಬೇಕು. ಒಟ್ಟು 24. ಕಡಿಮೆಯಾದರೆ ಹಾಯಿಯ ಒಂದು ತುಂಡು ಹೊರಗೇ ಉಳಿದು, ಬಿರುಗಾಳಿಯಲ್ಲಿ ಪಟಪಟನೆ ಬಡಿದು ಹರಿದುಹೋಗುತ್ತದೆ. ಹೆಚ್ಚಾದರೆ ಡ್ರಮ್ ತುಂಬಿ ಹಗ್ಗ ಸಿಕ್ಕುತ್ತದೆ. ಹಗ್ಗ ತೆಳುವಾಗಿದ್ದರೆ ಸುತ್ತು ಹಿಡಿಸುತ್ತದೆ, ಆದರೆ ಕೈ ಕೊಯ್ಯುತ್ತದೆ. ಇದಕ್ಕೆ ನಾವಿಕರು ಮಾಡುವ ಉಪಾಯ ನನಗೆ ಬಹಳ ಮೆಚ್ಚುಗೆ: ಹೆಣೆದ ಹಗ್ಗದಲ್ಲಿ, ಡ್ರಮ್ಮಿಗೆ ಸುತ್ತುವ ಭಾಗದ ಒಳತಿರುಳನ್ನಷ್ಟೇ ಎಳೆದು ತೆಗೆದುಬಿಡುತ್ತಾರೆ. ಅಲ್ಲಿ ಚಪ್ಪಟೆ, ಕೈಯಲ್ಲಿ ದಪ್ಪ!

ಈ ಸುತ್ತುಗಳನ್ನು ಹಾಯಿ ಏರಿಸುವ ಮೊದಲೇ, ಡ್ರಮ್ಮನ್ನು ಕೈಯಿಂದ ತಿರುಗಿಸಿ ತುಂಬಿಸಬೇಕು. ಬಿಸಿಲಿನಿಂದ ಬಟ್ಟೆಯನ್ನು ಕಾಪಾಡಲು ಹಾಯಿಯ ಅಂಚಿಗೆ ಹೊಲಿದ ಪಟ್ಟಿ, ಸುರುಳಿಯಾದಾಗ ಹೊರಗೆ ಬರುವಂತೆ ದಿಕ್ಕನ್ನು ಆರಿಸಬೇಕು. ಡ್ರಮ್ಮಿಗೆ ಹತ್ತಿರದ ರಾಟೆ, ಹಗ್ಗ ಡ್ರಮ್ಮಿನ ನಡುಮಟ್ಟಕ್ಕೆ, ಅಚ್ಚಿಗೆ ಲಂಬವಾಗಿ ಬರುವಂತೆ ಇರಬೇಕು. ಓರೆಯಾದರೆ ಸುತ್ತುಗಳೆಲ್ಲ ಒಂದೇ ಕಡೆ ಗುಡ್ಡೆಯಾಗುತ್ತವೆ.

ಇಲ್ಲೊಂದು ಸ್ವಾರಸ್ಯವಿದೆ. ಹಾಯಿ ಪೂರ್ತಿ ಬಿಚ್ಚಿದಾಗ ಗಾಳಿಯ ಸೆಳೆತ ಅತಿ ಹೆಚ್ಚು. ಆಗಲೇ ಡ್ರಮ್ ಹಗ್ಗದಿಂದ ತುಂಬಿ ಅದರ ತ್ರಿಜ್ಯ ದೊಡ್ಡದಾಗಿರುತ್ತದೆ, ಕೊಳವೆಯದು ಚಿಕ್ಕದು. ಅಂದರೆ ಕಡಿಮೆ ಬಲಕ್ಕೆ ಹೆಚ್ಚಿನ ಫಲ. ಸುತ್ತುತ್ತ ಹೋದಂತೆ ಡ್ರಮ್ ಬಡವಾಗಿ ಸುರುಳಿ ದಪ್ಪವಾಗುತ್ತದೆ, ಅನುಕೂಲ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಗಾಳಿಗೆ ಒಡ್ಡಿದ ಹಾಯಿಯೂ ಕಿರಿದಾಗಿರುತ್ತದೆ.

ಆದ್ದರಿಂದಲೇ ಹಗ್ಗ ಬಾರದಿದ್ದರೆ ವಿಂಚಿಗೆ ಹಾಕಿ ಎಳೆಯಬಾರದು. ಎಲ್ಲೋ ಸಿಕ್ಕಿದೆ ಎಂದೇ ಅರ್ಥ. ಬಹಳ ಸಲ ಆ ಸಿಕ್ಕು ಹಿಂದಿನ ಬಾರಿ ಹಾಯಿ ಬಿಚ್ಚುವಾಗಲೇ ಆದದ್ದು. ಹಗ್ಗವನ್ನು ಸಡಿಲ ಬಿಟ್ಟರೆ ಡ್ರಮ್ಮಿನ ಸುತ್ತುಗಳು ಒಂದರೊಳಗೊಂದು ಹೂತುಕೊಳ್ಳುತ್ತವೆ. ಬಿಚ್ಚುವಾಗಲೂ ಹಗ್ಗ ಕೈಯಲ್ಲಿ ತುಸು ಬಿಗಿಯಾಗಿರಬೇಕು.

ಮನೆಯಲ್ಲೇ ನೋಡಬಹುದು. ಖಾಲಿ ದಾರದ ಉಂಡೆಯೊಂದನ್ನು ಪೆನ್ಸಿಲಿನ ಬುಡಕ್ಕೆ ಅಂಟಿಸಿ. ಉಂಡೆಗೆ ದಾರ ಸುತ್ತಿ, ತ್ರಿಕೋನಾಕಾರದ ಕಾಗದವನ್ನು ಪೆನ್ಸಿಲಿಗೆ ಅಂಟಿಸಿ. ಅಪ್ಪನೋ ಅಮ್ಮನೋ ಪೆನ್ಸಿಲನ್ನು ನೆಟ್ಟಗೆ ಹಿಡಿದಿರಲಿ. ನೀವು ದಾರ ಎಳೆದು ಕಾಗದ ಸುತ್ತಿ, ಕಾಗದ ಎಳೆದು ದಾರ ಸುತ್ತಿ. ಮೊದಲು ದಾರವನ್ನು ಬಿಗಿಯಾಗಿ ಹಿಡಿದು ಹತ್ತು ಸಲ, ಆಮೇಲೆ ಸಡಿಲ ಬಿಟ್ಟು ಹತ್ತು ಸಲ. ಎಷ್ಟು ಸಲ ಸಿಕ್ಕಿತು, ಬರೆದಿಡಿ.